ತಾಯಿಗೊಂದು ದಾರಿ, ಮಗನಿಗೊಂದು ದಾರಿ

ದೆಹಲಿಯ ನೆಲ್ಸನ್ ಮಂಡೇಲಾ ಮಾರ್ಗದಲ್ಲಿ ಬೆಳಿಗ್ಗೆ ಏಳರ ಹೊತ್ತಿಗೆ ಹೆಂಗಸರ ಓಡಾಟ ಶುರುವಾಗುತ್ತದೆ. ಕುಸುಂಪುರ ಪಹಾಡಿಯ ಗಲ್ಲಿಗಳಿಂದ ಹೊರಟು ಒಂದಷ್ಟು ಮಂದಿ ವಸಂತ್ ವಿಹಾರದ ಬಂಗಲೆಗಳ ಕಡೆಗೆ ನಡೆದರೆ, ಇನ್ನಷ್ಟು ಮಂದಿ ವಸಂತ್ ಕುಂಜದ ಫ್ಲ್ಯಾಟುಗಳ ಕಡೆಗೆ ತಿರುಗುತ್ತಾರೆ. ಪಾತ್ರೆ, ಕಸಮುಸುರೆ, ಅಡುಗೆ, ಮಗು ನೋಡಿಕೊಳ್ಳುವುದು ಅವರ ಕೆಲಸ. ಟ್ಯಾಂಕರ್ ನೀರು ಹಿಡಿದಿಟ್ಟು ಬಂದವರ ಮುಖದಲ್ಲಿ ಆಗಲೇ ಅರ್ಧ ದಿನದ ದಣಿವು ಕಾಣುತ್ತದೆ. ಇದೇ ರಸ್ತೆಯಲ್ಲಿ ಸ್ವಲ್ಪ ಮುಂದೆ ಎಂಪೋರಿಯೊ, ಪ್ರಾಮೆನೇಡ್, ಆಂಬಿಯೆನ್ಸ್ ಮಾಲ್‌ಗಳು ಸಾಲಾಗಿ ನಿಂತಿವೆ. ಆ ಹೊತ್ತಿಗೆ ಅವಿನ್ನೂ ಬಾಗಿಲು ತೆರೆದಿರುವುದಿಲ್ಲ.

ಈ ದಾರಿಯಲ್ಲಿ ನನ್ನ ಜೊತೆ ನಡೆದವರು ಧಾರವಾಡದ ಕಡೆಯ ಒಬ್ಬ ಸಮಾಜ ಕಾರ್ಯಕರ್ತೆ. ದಕ್ಷಿಣ ದೆಹಲಿಯಲ್ಲಿ ವರ್ಷಗಟ್ಟಲೆ ಕೌಟುಂಬಿಕ ಆಪ್ತಸಮಾಲೋಚನೆ ಮಾಡಿದವರು. ತಮ್ಮ ಹೆಸರು ಬೇಡವೆಂದರು, ಹಾಗಾಗಿ ಇಲ್ಲಿ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಯಾವ ಮನೆಯ ಕಥೆಯನ್ನೂ ಅವರು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೆಂಡತಿಗೆ ಹೊಡೆತ ಬೀಳುವ ಮನೆಯಲ್ಲಿ ಮಗುವಿನ ಪಾಡೇನು, ಅದಕ್ಕೆ ನೆರವು ಎಲ್ಲಿಂದ ಬರುತ್ತದೆ, ಬರುವ ದಾರಿ ಎಲ್ಲಿ ಕಡಿಯುತ್ತದೆ ಎಂಬುದನ್ನು ವಸಂತ್ ಕುಂಜ ಬಡಾವಣೆಯ ನೆಲದ ಮೇಲೆಯೇ ನೋಡಬೇಕೆಂದು ನಾನು ಹೊರಟಿದ್ದೆ.

ಅರಾವಳಿಯ ಕಲ್ಲುಗುಡ್ಡದ ಮೇಲೆ, ಮಸೂದ್‌ಪುರ, ಕಿಶನ್‌ಗಢ, ಮಹಿಪಾಲಪುರ, ರಂಗಪುರಿ ಹಳ್ಳಿಗಳ ನಡುವೆ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕಟ್ಟಿದ ಬಡಾವಣೆ ಇದು. ಎ, ಬಿ, ಸಿ, ಡಿ ಎಂದು ಸೆಕ್ಟರುಗಳು, ಅವುಗಳ ಒಳಗೆ ಪಾಕೆಟ್‌ಗಳು. ಪ್ರತಿ ಪಾಕೆಟ್‌ಗೂ ಕಬ್ಬಿಣದ ಗೇಟು, ಗಾರ್ಡ್, ನಿವಾಸಿಗಳ ಸಂಘದ ನೋಟಿಸ್ ಬೋರ್ಡ್. ನಿವೃತ್ತ ಅಧಿಕಾರಿಗಳು, ಸೇನೆಯವರು, ಪ್ರಾಧ್ಯಾಪಕರು, ವಿಮಾನ ಕಂಪನಿಗಳ ನೌಕರರು ಇಲ್ಲಿದ್ದಾರೆ. ಕನ್ನಡದವರೂ ಇದ್ದಾರೆ. ಪಕ್ಕದಲ್ಲೇ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘ. ಹಳೆಯ ಹಳ್ಳಿಗಳು ಬಾಡಿಗೆ ಕೋಣೆಗಳ ಇಕ್ಕಟ್ಟಾಗಿ ಬದಲಾಗಿವೆ. ಮಸೂದ್‌ಪುರದ ಜೈ ಹಿಂದ್ ಕ್ಯಾಂಪಿನಲ್ಲಿ ಕೂಚ್‌ಬಿಹಾರದಿಂದ ಬಂದ ಬಂಗಾಳಿ ಕುಟುಂಬಗಳು ಕಸ ಆಯ್ದು, ಮನೆಗೆಲಸ ಮಾಡಿ ಬದುಕುತ್ತಿವೆ.

ಮನೆಯೊಳಗಿನ ಹಿಂಸೆಯ ಬಗ್ಗೆ ಫ್ಲ್ಯಾಟು, ಕೊಳೆಗೇರಿ ಎರಡೂ ಕಡೆ ಒಂದೇ ಮಾತು ಕೇಳಿಬರುತ್ತದೆ: ‘ಘರ್ ಕೀ ಬಾತ್ ಹೈ’, ಮನೆಯ ಮಾತು. ಆದರೆ ಆ ಮಾತು ನಡೆಯುವ ರೀತಿ ಬೇರೆ. ಝುಗ್ಗಿಯಲ್ಲಿ, ಅಂದರೆ ಕೊಳೆಗೇರಿಯ ಮನೆಯಲ್ಲಿ, ಗೋಡೆಯೆಂದರೆ ಒಂದಿಟ್ಟಿಗೆ ದಪ್ಪ, ಕೂಗು ಇಡೀ ಗಲ್ಲಿಗೆ ಕೇಳುತ್ತದೆ. ಒಮ್ಮೊಮ್ಮೆ ಪಕ್ಕದ ಮನೆಯ ಮುದುಕಿಯೇ ಬಂದು ನಡುವೆ ನಿಲ್ಲುತ್ತಾಳೆ. ಫ್ಲ್ಯಾಟಿನಲ್ಲಿ ಕಿಟಕಿ ಮುಚ್ಚಿ, ಟಿ.ವಿ. ಸದ್ದು ಹೆಚ್ಚಿಸಿದರೆ ಮುಗಿಯಿತು. ಮರುದಿನ ಕೆಲಸಕ್ಕೆ ಬಂದವಳು ಒಡೆದ ಗಾಜು ಗುಡಿಸುತ್ತಾಳೆ, ಮೇಡಂ ಕಣ್ಣಿನ ಕೆಳಗಿನ ಕಪ್ಪು ನೋಡುತ್ತಾಳೆ, ಸುಮ್ಮನಾಗುತ್ತಾಳೆ. ಅವಳದೇ ತೋಳಿನ ಬಾವನ್ನು ಮೇಡಂ ಕೂಡ ನೋಡಿರುತ್ತಾರೆ, ಅವರೂ ಸುಮ್ಮನಿರುತ್ತಾರೆ. ಎರಡು ಮನೆಗಳ ಹಿಂಸೆಗೆ ಸಾಕ್ಷಿಯಾದ ಒಬ್ಬಳೇ ವ್ಯಕ್ತಿ ಈ ಪಾಕೆಟ್‌ಗಳಲ್ಲಿ ಯಾರಾದರೂ ಇದ್ದರೆ ಅದು ಮನೆಗೆಲಸದ ಹೆಂಗಸು.

ಪಾಕೆಟ್‌ನ ಗೇಟಿನ ಬಳಿಯ ನೋಟಿಸ್ ಬೋರ್ಡ್‌ಗಳನ್ನು ನಾನು ನಿಂತು ಓದುತ್ತ ಬಂದೆ. ನೀರಿನ ಸಮಯ, ಪಾರ್ಕಿಂಗ್, ಸಾಕುನಾಯಿಗಳ ವಿಚಾರ, ಬಾಡಿಗೆದಾರರ ಪೊಲೀಸ್ ಪರಿಶೀಲನೆ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ತುರ್ತು ಕರೆಗೆ 112: ಈ ಮೂರು ಸಂಖ್ಯೆಗಳನ್ನು ಒಟ್ಟಿಗೆ ಬರೆದ ಒಂದು ಹಾಳೆಯೂ ನಾನು ನೋಡಿದ ಬೋರ್ಡ್‌ಗಳಲ್ಲಿ ಸಿಗಲಿಲ್ಲ. 2008ರಲ್ಲಿ ‘ಬ್ರೇಕ್‌ಥ್ರೂ’ ಸಂಸ್ಥೆ ‘ಬೆಲ್ ಬಜಾವೋ’ ಎಂಬ ಪ್ರಚಾರ ನಡೆಸಿತ್ತು, ಓದುಗರಲ್ಲಿ ಹಲವರಿಗೆ ಆ ಜಾಹೀರಾತು ನೆನಪಿರಬಹುದು. ಪಕ್ಕದ ಮನೆಯಲ್ಲಿ ಹೆಂಗಸಿನ ಚೀರಾಟ ಕೇಳಿದ ಗಂಡಸು ಎದ್ದು ಹೋಗಿ ಬೆಲ್ ಒತ್ತುತ್ತಾನೆ, ಏನೋ ಒಂದು ನೆಪ ಹೇಳುತ್ತಾನೆ. ಅಷ್ಟೇ. ಹೊಡೆಯುವ ಕೈ ಆ ಕ್ಷಣಕ್ಕೆ ನಿಲ್ಲುತ್ತದೆ. ಫ್ಲ್ಯಾಟುಗಳ ಬದುಕಿಗೆ ಇದಕ್ಕಿಂತ ಸರಳವಾದ, ಯಾರೂ ಮಾಡಬಹುದಾದ ಕೆಲಸವನ್ನು ನಾನು ಬೇರೆ ಕಂಡಿಲ್ಲ.

“ಮಗು ಮಲ್ಕೊಂಡಿತ್ತು ಅಂತ ಎಲ್ಲಾ ತಾಯಂದ್ರೂ ಹೇಳ್ತಾರ್ರೀ. ಮಗು ಮಲ್ಕೊಂಡಿರೂದಿಲ್ಲ,” ಎಂದರು ಅಕ್ಕ, ಮಸೂದ್‌ಪುರದ ಕಡೆಗೆ ರಸ್ತೆ ದಾಟುವಾಗ. ಸಮಾಜ ಕಾರ್ಯದ ಮೊದಲ ಪಾಠವೇ ಇದಂತೆ. ಕಣ್ಣು ಮುಚ್ಚಿ ಮಲಗಿದ ಮಗು ಎಲ್ಲವನ್ನೂ ಕೇಳಿಸಿಕೊಂಡಿರುತ್ತದೆ. ಮರುದಿನ ಶಾಲೆಗೆ ಹೊರಡುವಾಗ ಹೊಟ್ಟೆನೋವು ಅನ್ನುತ್ತದೆ. ಹಾಸಿಗೆ ಒದ್ದೆ ಮಾಡುವ ಅಭ್ಯಾಸ ನಿಂತುಹೋಗಿದ್ದ ಮಗುವಿಗೆ ಅದು ಮತ್ತೆ ಶುರುವಾಗುತ್ತದೆ. ಗಣಿತದಲ್ಲಿ ಚುರುಕಾಗಿದ್ದ ಹುಡುಗಿ ಇದ್ದಕ್ಕಿದ್ದಂತೆ ಹಿಂದೆ ಬೀಳುತ್ತಾಳೆ. ದೊಡ್ಡ ಮಗ ಶಾಲೆ ತಪ್ಪಿಸಿ ಮನೆಯಲ್ಲೇ ಉಳಿಯುತ್ತಾನೆ, ಯಾಕೆಂದರೆ ತಾನಿಲ್ಲದಿದ್ದರೆ ಅಮ್ಮನಿಗೆ ಏನಾಗುತ್ತದೋ ಎಂಬ ಕಾವಲು ಅವನದು. ಅದನ್ನು ಶಾಲೆಯವರು ಹಾಜರಾತಿ ಕೊರತೆ ಎಂದು ಬರೆದುಕೊಳ್ಳುತ್ತಾರೆ.

ಇಂಥ ಮಗುವಿನ ಮುಂದೆ ಕೂತು ಏನು ಕೇಳಬಾರದು ಎನ್ನುವುದರ ಪಟ್ಟಿ ಅಕ್ಕನ ಬಳಿ ಉದ್ದವಾಗಿತ್ತು. ಅಪ್ಪ ಬೇಕೋ ಅಮ್ಮ ಬೇಕೋ ಎಂದು ಕೇಳಬಾರದು. ಯಾರದು ತಪ್ಪು ಎನ್ನಬಾರದು. ತಾಯಿಯ ಎದುರಿಗೇ ಮಾತನಾಡಿಸಬಾರದು, ತಂದೆಯ ಎದುರಿಗಂತೂ ಆಗದು. ಮನೆಯ ಚಿತ್ರ ಬರೆಯಲು ಹೇಳಿ, ಗಲಾಟೆ ಆದಾಗ ನೀನು ಯಾವ ಜಾಗದಲ್ಲಿರುತ್ತೀಯ ಎಂದು ಮಾತ್ರ ಕೇಳಬೇಕು. ಕೆಲವು ಮಕ್ಕಳು ಮಂಚದ ಕೆಳಗನ್ನು ತೋರಿಸುತ್ತವೆ, ಕೆಲವು ಸ್ನಾನದ ಮನೆಯನ್ನು. ನಡುವೆ ಹೋಗಿ ಬಿಡಿಸಲು ನೋಡುವ ಮಗುವಿಗೆ ಹೇಳುವ ಮಾತು ಒಂದೇ: ಬಿಡಿಸುವುದು ನಿನ್ನ ಕೆಲಸವಲ್ಲ. ತಂಗಿಯ ಕೈ ಹಿಡಿದು ಇಂಥವರ ಮನೆಗೆ ಹೋಗು, ಅಲ್ಲಿಂದ ಫೋನ್ ಮಾಡು. ಆ ‘ಇಂಥವರ ಮನೆ’ ಯಾವುದು ಎಂಬುದನ್ನು ಮೊದಲೇ ಗೊತ್ತುಮಾಡಿ, ಅವರ ಒಪ್ಪಿಗೆ ಪಡೆದಿರಬೇಕು. ತಾಯಿಗೆ ಇನ್ನೊಂದು ಕೆಲಸ ಕೊಡುತ್ತಾರೆ. ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಔಷಧಿ ಚೀಟಿಗಳನ್ನು ಒಂದು ಚೀಲದಲ್ಲಿ ಹಾಕಿ, ನಂಬಿಕೆಯ ಮನೆಯೊಂದರಲ್ಲಿ ಇಟ್ಟಿರಬೇಕು.

ಅಲ್ಲಿಂದ ನಾವು ಪೊಲೀಸ್ ಠಾಣೆಯತ್ತ ನಡೆದೆವು. ವಸಂತ್ ಕುಂಜಕ್ಕೆ ಉತ್ತರ, ದಕ್ಷಿಣ ಎಂದು ಎರಡು ಠಾಣೆಗಳಿವೆ. ದೆಹಲಿಯ ಠಾಣೆಗಳಲ್ಲಿ ಮಹಿಳಾ ಸಹಾಯ ಕೇಂದ್ರದ ಮೇಜು ಇರುತ್ತದೆ. ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ವ್ಯವಸ್ಥೆ ಇದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿಯನ್ನು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಗುರುತಿಸಿರಬೇಕು. ಗಂಡ ಹೆಂಡತಿ ಜಗಳವೆಂದು 112ಕ್ಕೆ ಕರೆ ಬಂದಾಗ ವ್ಯಾನಿನಲ್ಲಿ ಹೋದವರು ಇಬ್ಬರನ್ನೂ ಮಾತನಾಡಿಸುತ್ತಾರೆ. ಮನೆಯಲ್ಲಿ ಮಕ್ಕಳಿದ್ದಾರೆಯೇ, ಅವರು ಎಲ್ಲಿದ್ದರು, ಏನು ಕಂಡರು ಎಂದು ಕೇಳಿ ಅದನ್ನು ಈ ಅಧಿಕಾರಿಗೆ ತಲುಪಿಸಿದರೆ ಆ ಮಗುವಿನ ಹೆಸರು ಮೊದಲ ಬಾರಿಗೆ ಸರ್ಕಾರದ ಒಂದು ಕಾಗದದ ಮೇಲೆ ಬರುತ್ತದೆ. ಪುಟ್ಟ ಕೆಲಸ, ಆದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಇಲ್ಲಿಂದ ಉತ್ತರಕ್ಕೆ, ಮೋತಿಬಾಗ್ ಪಕ್ಕದ ನಾನಕ್‌ಪುರದಲ್ಲಿ ದೆಹಲಿ ಪೊಲೀಸರ ಮಹಿಳೆ ಮತ್ತು ಮಕ್ಕಳ ವಿಶೇಷ ಘಟಕವಿದೆ. ಅದರ ಬೇರು 1983ರಲ್ಲಿ ಶುರುವಾದ ವರದಕ್ಷಿಣೆ ವಿರೋಧಿ ದಳದಲ್ಲಿದೆ. ಆ ದಳ ಸರ್ಕಾರದ ಮನಸ್ಸಿಗೆ ತಾನಾಗಿ ಹೊಳೆದದ್ದಲ್ಲ. 1970ರ ದಶಕದ ಕೊನೆಯಲ್ಲಿ ದೆಹಲಿಯ ಮನೆಗಳಲ್ಲಿ ಸೊಸೆಯಂದಿರು ಒಬ್ಬರ ಹಿಂದೊಬ್ಬರು ‘ಸ್ಟೌ ಸಿಡಿದು’ ಸಾಯುತ್ತಿದ್ದರು. 1979ರಲ್ಲಿ ಸತ್ಯರಾಣಿ ಚಡ್ಢಾ ಅವರ ಗರ್ಭಿಣಿ ಮಗಳು ಹಾಗೆ ಸುಟ್ಟು ಸತ್ತರು. ಆ ತಾಯಿ ಮೂರು ದಶಕಕ್ಕೂ ಹೆಚ್ಚು ಕಾಲ ಕೋರ್ಟಿನ ಮೆಟ್ಟಿಲು ಹತ್ತಿದರು. ಹಾಗೆಯೇ ಮಗಳನ್ನು ಕಳೆದುಕೊಂಡ ಶಹಜಹಾನ್ ಆಪಾ ಅವರೂ, ಸತ್ಯರಾಣಿಯವರೂ ಕೂಡಿ 1987ರಲ್ಲಿ ‘ಶಕ್ತಿ ಶಾಲಿನಿ’ ಕಟ್ಟಿದರು. ಮನೆ ಬಿಟ್ಟು ಬಂದ ಹೆಣ್ಣಿಗೆ ರಾತ್ರಿ ತಂಗಲು ಒಂದು ಜಾಗ ಬೇಕು ಎಂಬುದು ಮಗಳನ್ನು ಕಳೆದುಕೊಂಡ ತಾಯಂದಿರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಇತ್ತ ಮುಂಬೈಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1984ರಲ್ಲೇ ತರಬೇತಾದ ಸಮಾಜ ಕಾರ್ಯಕರ್ತರನ್ನು ಪೊಲೀಸ್ ಆಯುಕ್ತರ ಕಚೇರಿಯೊಳಗೆ ಕೂರಿಸಿ ವಿಶೇಷ ಘಟಕ ಶುರುಮಾಡಿತ್ತು. ನೊಂದವಳು ಪೊಲೀಸರ ಎದುರು ಒಬ್ಬಂಟಿಯಾಗಿ ನಿಲ್ಲಬಾರದು ಎಂಬ ಸರಳ ವಿಚಾರ ಅದರ ಹಿಂದಿತ್ತು.

ದಶಕಗಳು ಕಳೆದಿವೆ, ಕಾನೂನುಗಳು ಬಂದಿವೆ. ಆದರೂ ಕೌಟುಂಬಿಕ ಸಮಾಲೋಚನೆಯ ಯಾವುದೇ ಕಚೇರಿಗೆ ಹೋಗಿ ನೋಡಿ: ಒಳಗೆ ಗಂಡ, ಹೆಂಡತಿ, ಎರಡೂ ಕಡೆಯ ಹಿರಿಯರು. ಹೊರಗೆ ಬೆಂಚಿನ ಮೇಲೆ ಮಗು. ಒಳಗಿನ ಮಾತು ‘ಸಮ್‌ಝೌತಾ’ ಕಡೆಗೆ, ಅಂದರೆ ರಾಜಿಯ ಕಡೆಗೆ ವಾಲುತ್ತದೆ. ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮ ಎಂದು ಅವಳಿಗೆ ಹೇಳುವವರು ಹೊರಗೆ ಬಂದು ಆ ಮಕ್ಕಳ ಮುಖ ನೋಡುವುದಿಲ್ಲ. ಈ ಒಂದು ವಿಷಯದಲ್ಲಿ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ರಾಜಿ ಆಗಲಿಲ್ಲ ಅನ್ನೋಣ. ತಾಯಿ ಮನೆ ಬಿಡಲು ತೀರ್ಮಾನಿಸಿದಳು. ಮುಂದೆ ಏನು? ಇಲ್ಲಿ ಅಕ್ಕ ನಡಿಗೆ ನಿಲ್ಲಿಸಿ, ಮರದ ನೆರಳಿನ ಕಟ್ಟೆಯ ಮೇಲೆ ಕೂತು ವಿವರಿಸಿದರು. ‘ಸಖಿ’ ಒನ್ ಸ್ಟಾಪ್ ಸೆಂಟರ್‌ಗಳು 2015ರಿಂದ ಇವೆ. ವೈದ್ಯಕೀಯ ನೆರವು, ಪೊಲೀಸ್ ದೂರು, ಕಾನೂನು ಸಲಹೆ ಒಂದೇ ಕಡೆ ಸಿಗಬೇಕೆಂಬುದು ಉದ್ದೇಶ. ಅಲ್ಲಿ ಉಳಿಯಬಹುದಾದದ್ದು ಹೆಚ್ಚೆಂದರೆ ಐದು ದಿನ. ಆಮೇಲೆ ಆಶ್ರಯಧಾಮ. ಸ್ವಾಧಾರ ಗೃಹಗಳ ನಿಯಮದಲ್ಲಿ ತಾಯಿಯ ಜೊತೆ ಹೆಣ್ಣುಮಕ್ಕಳು 18ರವರೆಗೆ ಇರಬಹುದಿತ್ತು, ಗಂಡುಮಕ್ಕಳು 8ರವರೆಗೆ ಮಾತ್ರ. 2022ರ ಮಿಷನ್ ಶಕ್ತಿ ಯೋಜನೆಯಡಿ ಅವು ಶಕ್ತಿ ಸದನಗಳಾದವು, ಹುಡುಗರ ಮಿತಿ 12ಕ್ಕೆ ಏರಿತು.

ಹಾಗಾದರೆ ಹದಿಮೂರರ ಹುಡುಗ?

ಅವನು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಬಾಲಮಂದಿರಕ್ಕೆ ಹೋಗಬೇಕು, ಇಲ್ಲವೇ ಹೊಡೆಯುವ ತಂದೆಯ ಬಳಿಯೇ ಉಳಿಯಬೇಕು, ಇಲ್ಲವೇ ಊರಿನ ಅಜ್ಜಿಯ ಮನೆ. ತಾಯಿಯನ್ನು ಕಾಯಲು ಶಾಲೆ ತಪ್ಪಿಸಿದವನು ಅವನೇ, ಹೊಡೆತಕ್ಕೆ ಬೆನ್ನು ಕೊಟ್ಟವನೂ ಅವನೇ. ತಾಯಿ ಪಾರಾಗುವ ದಿನ ಅವನನ್ನು ಬೇರೆ ವಾಹನದಲ್ಲಿ ಕೂರಿಸುತ್ತೇವೆ. ಆಶ್ರಯಧಾಮದಲ್ಲಿ ಬೇರೆ ಹೆಂಗಸರು, ಹುಡುಗಿಯರು ಇರುತ್ತಾರೆ, ಅವರ ಸುರಕ್ಷತೆಗಾಗಿ ಮಿತಿ ಇಟ್ಟಿದ್ದಾರೆ ಎಂಬುದು ಗೊತ್ತಿದೆ. ಆದರೆ ಇದರ ಫಲವೇನೆಂದು ಅಕ್ಕ ಹೇಳಿದ್ದನ್ನು ಮರೆಯಲಾರೆ: “ಮಗನ್ನ ಬಿಟ್ಟು ಹೆಂಗ ಬರ್ಲಿ ಅಂತ ತಾಯಿ ವಾಪಸ್ ಅದ ಮನಿಗೆ ಹೋಗ್ತಾಳ್ರೀ.” ಹೊರಗೆ ನಿಂತವರು ಅವಳು ತಾನಾಗಿ ಮರಳಿದಳು ಅನ್ನುತ್ತಾರೆ.

ಈ ಕಗ್ಗಂಟಿಗೆ ಉತ್ತರ ಕಾನೂನಿನಲ್ಲಿ ಇಪ್ಪತ್ತು ವರ್ಷದಿಂದ ಇದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲಿ ಬಂದು 2006ರ ಅಕ್ಟೋಬರ್ 26ರಂದು ಜಾರಿಯಾಯಿತು. ಅದರ 19ನೇ ಕಲಂ ಓದಿ. ಅವಳನ್ನು ಮನೆಯಿಂದ ಹೊರಹಾಕಬಾರದು ಎಂದು ಹೇಳಿ ಅದು ಸುಮ್ಮನಾಗುವುದಿಲ್ಲ. ಹಿಂಸೆ ಮಾಡಿದವನೇ ಮನೆ ಬಿಟ್ಟು ಹೋಗಬೇಕೆಂದು ಆದೇಶಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಡುತ್ತದೆ. ಮನೆ ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯವಲ್ಲ, ಅವಳು ಸಂಸಾರ ನಡೆಸಿದ ಮನೆಯಾಗಿದ್ದರೆ ಸಾಕು. ಪಟ್ಟಾ ಇಲ್ಲದ ಝುಗ್ಗಿಯೂ ಆದೀತು. ತಾಯಿ ಮಕ್ಕಳು ಚೀಲ ಹಿಡಿದು ನಗರ ಸುತ್ತುವ ಬದಲು ಹೊಡೆದವನು ಚೀಲ ಹಿಡಿಯಲಿ. ಆಗ ಹದಿಮೂರರ ಹುಡುಗ ತನ್ನ ಶಾಲೆಯಲ್ಲೇ, ತನ್ನ ಗೆಳೆಯರ ನಡುವೆಯೇ, ತಾಯಿಯ ಜೊತೆಯಲ್ಲೇ ಉಳಿಯುತ್ತಾನೆ. ಆಶ್ರಯಧಾಮ ಬೇಡವೆಂದು ನಾನು ಹೇಳುತ್ತಿಲ್ಲ. ಜೀವಕ್ಕೇ ಅಪಾಯವಿರುವ ಕಡೆ ಓಡಿಹೋಗಲೇಬೇಕು, ಅದಕ್ಕೆ ಬಾಗಿಲು ತೆರೆದಿರಬೇಕು. ಆದರೆ ಓಡಿಹೋಗುವುದೇ ಮೊದಲ ಸಲಹೆ ಆಗಬಾರದು.

ಮನೆ ಯಾರ ಹೆಸರಿನಲ್ಲಿದ್ದರೂ ಸರಿ ಎಂಬುದು ವಸಂತ್ ಕುಂಜದಂಥ ಕಡೆ ಬಹಳ ಮುಖ್ಯ, ಯಾಕೆಂದರೆ ಇಲ್ಲಿ ಎಷ್ಟೋ ಫ್ಲ್ಯಾಟುಗಳು ಅತ್ತೆಯ, ಮಾವನ ಹೆಸರಿನಲ್ಲಿವೆ. ‘ಈ ಮನೆ ನಿನ್ನ ಗಂಡನದೂ ಅಲ್ಲ, ನಡೆ’ ಎನ್ನುವುದು ಸುಲಭ. 2006ರ ಬತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಹೆಚ್ಚು ಕಡಿಮೆ ಹಾಗೇ ಹೇಳಿಬಿಟ್ಟಿತ್ತು: ಅತ್ತೆಯ ಮನೆಯಲ್ಲಿ ಸೊಸೆಗೆ ವಾಸದ ಹಕ್ಕಿಲ್ಲ. ಆ ತೀರ್ಪು ಹದಿನಾಲ್ಕು ವರ್ಷ ದೇಶದ ಸೊಸೆಯಂದಿರ ಕುತ್ತಿಗೆಯ ಮೇಲಿತ್ತು. 2020ರ ಅಕ್ಟೋಬರ್ 15ರಂದು, ದೆಹಲಿಯದೇ ಇನ್ನೊಂದು ಮನೆಯ ಜಗಳದಲ್ಲಿ, ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಸೊಸೆ ಬಾಳಿದ ಮನೆ ಮಾವನದಾದರೂ ಅವಳಿಗೆ ಅಲ್ಲಿ ವಾಸದ ಹಕ್ಕು ಕೇಳುವ ಅವಕಾಶವಿದೆ ಎಂದಿತು.

ಹಾಗಾದರೆ ಹೊಡೆದವನೇ ಮನೆ ಬಿಡಬೇಕೆಂಬ ಆದೇಶ ಯಾಕೆ ಅಪರೂಪ? ಆದೇಶ ಬರೆದರೆ ಮುಗಿಯುವುದಿಲ್ಲ, ಅದನ್ನು ನೆಲಕ್ಕೆ ಇಳಿಸುವವರು ಬೇಕು. ಆ ಕೆಲಸ ಸಂರಕ್ಷಣಾಧಿಕಾರಿಯದು. ಕೌಟುಂಬಿಕ ಘಟನಾ ವರದಿ ತಯಾರಿಸುವುದು, ಉಚಿತ ವಕೀಲರನ್ನು ಒದಗಿಸುವುದು, ಆದೇಶ ಪಾಲನೆಯಾಗುತ್ತಿದೆಯೇ ಎಂದು ನೋಡುವುದು. ಕರ್ನಾಟಕದಲ್ಲಿ ಈ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗೆ ಹಾಕಿದ್ದಾರೆ. ತಾಲ್ಲೂಕಿನ ಎಲ್ಲ ಅಂಗನವಾಡಿಗಳನ್ನು ನೋಡಿಕೊಳ್ಳುವವರು ಅವರೇ. ನಮ್ಮ ರಾಜ್ಯದಲ್ಲಿ ಈ ಕೆಲಸ ಹಗುರವಲ್ಲ: 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವರ್ಷದ ಮದುವೆಯಾದ ಮಹಿಳೆಯರ ಪೈಕಿ ಗಂಡನಿಂದ ಹಿಂಸೆ ಕಂಡವರು ಕರ್ನಾಟಕದಲ್ಲಿ ಶೇ 44.4. ದೇಶದ ಸರಾಸರಿ ಶೇ 29.3. ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಗುರಿಯಾದವರಲ್ಲಿ ದೇಶದಾದ್ಯಂತ ನೆರವು ಕೇಳಿದವರು ಶೇ 14 ಮಾತ್ರ, ಶೇ 77ರಷ್ಟು ಮಂದಿ ಯಾರಿಗೂ ಹೇಳಿಯೂ ಇಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸುವಂತೆ ಎಲ್ಲ ರಾಜ್ಯಗಳಿಗೂ ವಾರಗಳ ಗಡುವು ಕೊಡಬೇಕಾಯಿತು. ಕಾಯ್ದೆ ಜಾರಿಯಾಗಿ ಹದಿನೆಂಟು ವರ್ಷ ಕಳೆದ ಮೇಲೆ!

ದೆಹಲಿಗೆ ಮದುವೆಯಾಗಿ ಬಂದ, ಹಿಂದಿ ಬಾರದ ಕನ್ನಡದ ಹುಡುಗಿಯರ ಕಷ್ಟ ಇನ್ನೊಂದು ಬಗೆಯದು. ಗಂಡನ ಭಾಷೆಯೇ ಠಾಣೆಯ ಭಾಷೆಯಾಗಿರುವಲ್ಲಿ ಅವಳ ಹೇಳಿಕೆಯನ್ನು ಅವನೇ ಅನುವಾದಿಸುವ ಸಂದರ್ಭ ಬರಬಹುದು. ಅದನ್ನು ಒಪ್ಪಬಾರದು. ನಮ್ಮ ಸಂಘಗಳು ರಾಜ್ಯೋತ್ಸವದ ಜೊತೆಗೆ ಇಂಥ ಹೊತ್ತಿಗೆ ಠಾಣೆಗೆ ಬಂದು ಕೂರುವ ಒಬ್ಬಿಬ್ಬರು ಹೆಂಗಸರ ಹೆಸರು, ಫೋನ್ ಸಂಖ್ಯೆಯನ್ನು ಸದಸ್ಯರಿಗೆ ತಿಳಿಸಿದರೆ ಬಹಳ ದೊಡ್ಡ ಉಪಕಾರ.

ಇನ್ನು, ಮನೆ ಬಿಡಲೇಬೇಕಾಗಿ ಬಂದವರ ಮಕ್ಕಳ ವಿಷಯ. ಹೊಸ ಜಾಗದಲ್ಲಿ ಶಾಲೆಗೆ ಸೇರಿಸಲು ಹೋದರೆ ಮೊದಲು ಕೇಳುವುದು ಟಿ.ಸಿ. ಹಳೆಯ ಶಾಲೆಗೆ ಟಿ.ಸಿ. ಕೇಳಿದರೆ ತಂದೆಗೆ ಹೊಸ ವಿಳಾಸ ಗೊತ್ತಾಗುವ ಭಯ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಟಿ.ಸಿ. ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ. ಅಕ್ಕ ಆ ಪುಟದ ಜೆರಾಕ್ಸ್ ಚೀಲದಲ್ಲೇ ಇಟ್ಟುಕೊಂಡಿರುತ್ತಾರೆ, ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಡಲು. ಗಂಡ ಕೈಬಿಟ್ಟ, ವಿಚ್ಛೇದನವಾದ ಬಡ ತಾಯಂದಿರ ಮಕ್ಕಳಿಗೆ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹೋಗಬೇಕು. ಕುಸುಂಪುರದಲ್ಲಾಗಲಿ ರಂಗಪುರಿಯಲ್ಲಾಗಲಿ ಕೋಣೆ ಬಾಡಿಗೆ ಕಟ್ಟುವ ತಾಯಿಗೆ ಆ ದುಡ್ಡು ಮಗನನ್ನು ಬಾಲಮಂದಿರಕ್ಕೆ ಕಳಿಸದೆ ಜೊತೆಯಲ್ಲೇ ಇಟ್ಟುಕೊಳ್ಳುವಷ್ಟು ಬಲ ಕೊಡುತ್ತದೆ.

ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ವಸಂತ್ ಕುಂಜದ ಅರ್ಜಿಗಳು ಕೊನೆಗೆ ಸೇರುವುದು ಇಂಡಿಯಾ ಗೇಟ್ ಪಕ್ಕದ ಪಟಿಯಾಲಾ ಹೌಸ್ ನ್ಯಾಯಾಲಯಕ್ಕೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥ ಅರವತ್ತು ದಿನದೊಳಗೆ ಆಗಬೇಕೆಂದು ಕಾಯ್ದೆ ಬಯಸುತ್ತದೆ. ಹೆಣ್ಣುಮಕ್ಕಳಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. ಅರ್ಜಿಯ ನಮೂನೆಯಲ್ಲಿ ಬೇಕಾದ ಆದೇಶಗಳನ್ನು ಗುರುತಿಸುವ ಜಾಗವಿದೆ. ತರಾತುರಿಯಲ್ಲಿ ತುಂಬುವಾಗ ಜೀವನಾಂಶಕ್ಕೆ ಗುರುತು ಹಾಕಿ ಉಳಿದದ್ದನ್ನು ಬಿಟ್ಟುಬಿಡುವುದುಂಟು. ಅಕ್ಕ ಪ್ರತಿ ತಾಯಿಗೂ ಎರಡು ಸಾಲುಗಳನ್ನು ಬೆರಳಿಟ್ಟು ತೋರಿಸುತ್ತಾರೆ. ಎದುರುದಾರ ಮನೆಯಿಂದ ಹೊರಹೋಗಬೇಕು ಎಂಬ ಸಾಲು ಒಂದು. ಮಗುವಿನ ಶಾಲೆಗೆ ಅವನು ಕಾಲಿಡಬಾರದು ಎಂಬುದು ಇನ್ನೊಂದು, 18ನೇ ಕಲಮಿನದು. ಆ ಎರಡನೇ ಸಾಲಿನಲ್ಲಿ ಶಾಲೆಯ ಪೂರ್ತಿ ಹೆಸರು, ವಿಳಾಸ ಬರೆಸುತ್ತಾರೆ. ಸಂಜೆಯ ಟ್ಯೂಷನ್ ಇದ್ದರೆ ಅದರ ವಿಳಾಸವನ್ನೂ ಬರೆಸುತ್ತಾರೆ.